ನಾನು ಬಿಚ್ಚಿ ನೋಡದ ಬೇಳೆ ಮೂಟೆ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದವರು ಮೈಕಿನಲ್ಲಿ, 'ಸಿಸ್ಟರ್ ತಮ್ಮ ಸೇವೆಯಲ್ಲಿ ಯಾರಿಗೂ ಅನ್ಯಾಯ ಮಾಡಿದವರಲ್ಲ' ಎಂದರು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ಅದು ಸುಳ್ಳು ಎಂದು ಅಲ್ಲೇ ಎದ್ದು ಹೇಳಬೇಕಿತ್ತು. ಶಾಲು ಹೊದ್ದುಕೊಂಡವರಿಗೆ ಅದು ಕಷ್ಟ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಎಎನ್‌ಎಂ ಆಗಿದ್ದವಳು, ಊರೂರು ತಿರುಗುವ ಸರ್ಕಾರಿ ನರ್ಸು. ಮೊದಲರ್ಧ ಸೇವೆ ರಾಯದುರ್ಗದ ಕಡೆ, ಡಿ. ಹಿರೇಹಾಳ್ ಸುತ್ತಿನ ಹಳ್ಳಿಗಳಲ್ಲಿ. ಉಳಿದರ್ಧ ಮಡಕಶಿರದ ಕಡೆ, ಅಗಳಿಯ ಸುತ್ತ. ಎರಡೂ ಕಡೆ ಜನರ ಮನೆಮಾತು ಕನ್ನಡ, ಸರ್ಕಾರದ ಕಾಗದ ತೆಲುಗು. ನಡುವೆ ಓಡಾಡುವುದೇ ನಮ್ಮ ಕೆಲಸ.

ಈಗ ಟ್ಯಾಬು ಹಿಡಿದು ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗೆ ನಾನು ಹೆರಿಗೆ, ಲಸಿಕೆಗಳ ಬಗ್ಗೆ ಏನೂ ಬರೆಯುವುದಿಲ್ಲ. ಅದನ್ನು ನಿಮಗೆ ಕಲಿಸಿದ್ದಾರೆ. ಕಲಿಸದೆ ಬಿಟ್ಟದ್ದು ಮರೆವಿನ ಕಾಯಿಲೆ. ಅದಕ್ಕಿಂತ ಹೆಚ್ಚಾಗಿ, ಆ ಕಾಯಿಲೆ ಬಂದವರ ಮಕ್ಕಳನ್ನು ಊರು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು. ನನಗೂ ಯಾರೂ ಕಲಿಸಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಅದು ನೆಪ. ಕಲಿಯದಿದ್ದರೂ ಕಣ್ಣು ಇತ್ತು, ಕಾಲು ಇತ್ತು.

ಇನ್ನೊಂದು ಮಾತು. ನನ್ನ ನೆನಪು ನನ್ನ ವಕೀಲನ ಹಾಗೆ. ಕೇಳದಿದ್ದರೂ ನನ್ನ ಪರವಾಗಿ ಸಾಕ್ಷಿ ತಂದು ನಿಲ್ಲಿಸುತ್ತದೆ. ಸುಳ್ಳು ಸಾಕ್ಷಿ ಸಿಕ್ಕಿಬಿದ್ದಲ್ಲೆಲ್ಲ ಇಲ್ಲೇ ತಿದ್ದಿದ್ದೇನೆ. ಸಿಕ್ಕಿಬೀಳದೆ ಉಳಿದದ್ದೂ ಇರಬಹುದು. ನಂಬಿ ಕೂರಬೇಡಿ.

ಮೊದಲು ತಿಪ್ಪೇಸ್ವಾಮಿ. ಡಿ. ಹಿರೇಹಾಳ್ ಕಡೆಯ ಒಂದು ಊರು. ಗಡಿ ದಾಟಿ ಬಳ್ಳಾರಿ ಕಡೆ ಕೂಲಿಗೆ ಹೋಗಿ ಬದುಕಿದ ಮನುಷ್ಯ. ಅವನ ಮೆತ್ತಗಿನ ಸ್ವಭಾವವನ್ನು ಊರೇ ಹಾಸ್ಯ ಮಾಡುತ್ತಿತ್ತು. ನಾಯಿ ಅಡ್ಡ ಮಲಗಿದ್ದರೆ ಸುತ್ತು ಹಾಕಿ ಹೋಗುವವನು. ಅರವತ್ತರ ಹತ್ತಿರ ಬಂದಾಗ ಅವನ ಬಾಯಿಂದ ಹೊಲಸು ಬೈಗುಳ ಶುರುವಾಯಿತು. ಹೆಂಡತಿ ಹನುಮಕ್ಕ ಒಂದು ದಿನ ಲಸಿಕೆ ಹಾಕುವ ಕಟ್ಟೆಗೆ ಬಂದು ನನ್ನ ಪಕ್ಕ ಕೂತಳು.

'ಮೂವತ್ತೈದು ವರ್ಷ ನನಗ ಏ ಅಂದಿಲ್ರಿ ಅಕ್ಕಾರ. ಈಗ ಬಾಯಿ ತೆಗದ್ರ ಹೊಲಸು. ಸೊಸಿ ಮುಂದ, ಮೊಮ್ಮಕ್ಕಳ ಮುಂದ. ಎಲ್ಲಿ ಕಲ್ತಾನ್ರಿ ಈ ಮಾತು?'

'ವಯಸ್ಸಾಯ್ತಲ್ಲ ಹನುಮಕ್ಕ, ಅರಳುಮರಳು' ಎಂದೆ, ಸಿರಿಂಜು ತೊಳೆಯುತ್ತಾ.

'ಅರಳುಮರಳು ಆದ್ರ ಮರೀಬೇಕಲ್ರಿ. ಇವ ಮರತಿಲ್ಲ. ಬ್ಯಾರೆ ಆಗ್ಯಾನ.' ಆಮೇಲೆ ದನಿ ತಗ್ಗಿಸಿ ಕೇಳಿದಳು: 'ಒಳಗ ಮೊದಲಿಂದ ಇತ್ತೇನ್ರಿ ಇದು? ನನ್ನ ಮ್ಯಾಲ ಇಷ್ಟು ಸಿಟ್ಟು ಇಟಗೊಂಡು, ಮ್ಯಾಲ ನಕ್ಕೋಂತ ಇದ್ದನೇನ್ರಿ?'

ಆಸ್ಪತ್ರೆಯ ಡಾಕ್ಟರಿಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ. 'ಅದು ನಮ್ಮ ಟಾರ್ಗೆಟ್‌ನಲ್ಲಿದೆಯೇನಮ್ಮ? ಇಲ್ಲ. ಮತ್ತೆ ಯಾಕೆ ಬರೀತೀಯ?' ಆಗ ಟಾರ್ಗೆಟ್ ಎಂದರೆ ಸಂತಾನಹರಣ ಆಪರೇಷನ್. ಎಷ್ಟು ಹೆಂಗಸರನ್ನು ಜೀಪಿಗೆ ಹತ್ತಿಸಿದೆ ಎಂಬುದರ ಮೇಲೆ ನಮ್ಮ ಬೆಲೆ. ಹನುಮಕ್ಕನ ಪ್ರಶ್ನೆಗೆ ಕಾಲಮ್ಮೇ ಇರಲಿಲ್ಲ.

ಉತ್ತರ ಇತ್ತು. ಅದು ನನಗೆ ತಲುಪಲು ಎಷ್ಟೋ ವರ್ಷ ಹಿಡಿಯಿತು. ಕೆಲವರಿಗೆ ಈ ಕಾಯಿಲೆ ನೆನಪಿಗಿಂತ ಮೊದಲು ಸ್ವಭಾವವನ್ನು ತಿನ್ನುತ್ತದೆ. ನಾಲಿಗೆಗೆ ಲಗಾಮು ಹಾಕುವ ಮಿದುಳಿನ ಭಾಗ ಸವೆದರೆ ಸಾಧು ಮನುಷ್ಯನೂ ಬೈಯುತ್ತಾನೆ. ಒಳಗೆ ಬಚ್ಚಿಟ್ಟದ್ದು ಹೊರಗೆ ಬಂದದ್ದಲ್ಲ, ಇದ್ದದ್ದು ಕೆಟ್ಟದ್ದು. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಗದೆ ಹನುಮಕ್ಕ ತನ್ನ ಮೂವತ್ತೈದು ವರ್ಷದ ಸಂಸಾರ ನಾಟಕವಾಗಿತ್ತು ಎಂದುಕೊಂಡೇ ಸತ್ತಳು. ನನ್ನ ಸಿಟ್ಟು ಅಲ್ಲಿಂದ ಶುರು.

ಅವಳ ಮಗ ಎರ್ರಿಸ್ವಾಮಿಯ ಕತೆ ಇನ್ನೂ ಬೇಸರದ್ದು. ಅವನು ಎತ್ತಿಗೆ ಗದರಿದರೂ ಸಾಕು, ಮನೆಯಲ್ಲಿ ಯಾರಾದರೂ 'ಅಪ್ಪಂದು ಬಂತು ನೋಡು' ಅನ್ನುತ್ತಿದ್ದರು. ನಲವತ್ತು ತುಂಬದ ಗಂಡಸು ಸಿಟ್ಟು ಮಾಡಿಕೊಳ್ಳಲು ಹೆದರಿ, ಕೊನೆಗೆ ಮಾತನ್ನೇ ಕಡಿಮೆ ಮಾಡಿದ. ಮಾತು ಕಡಿಮೆ ಮಾಡಿದಾಗ ಅದೇ ಮನೆಯವರು, 'ಮಂಕಾಗ್ಯಾನ, ಅಪ್ಪಂದು ಬಂತು' ಎಂದರು. ಸಿಟ್ಟು ಬಂದರೂ ಅಪ್ಪ, ಬರದಿದ್ದರೂ ಅಪ್ಪ. ಅವನಿಗೆ ಅವನೇ ಆಗಿರಲು ಯಾವ ದಾರಿಯೂ ಉಳಿಯಲಿಲ್ಲ.

ರಾಯದುರ್ಗ ಪೇಟೆಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅವರ ತಾಯಿಗೂ ಮರೆವಿನ ಕಾಯಿಲೆ ಇತ್ತು. ಅಕ್ಕ ಭಜನೆ ಹೇಳುವ, ಎಲ್ಲರಿಗೂ ಬೇಕಾದ ನಗುಮುಖದವಳು. ತಂಗಿ ಪೊರಕೆ ಹಿಡಿದರೂ ಜಗಳಕ್ಕೆ ಹಿಡಿದಂತೆ ಹಿಡಿಯುವವಳು. ತಾಯಿಯದು ಬಂದರೆ ತಂಗಿಗೇ ಎಂದು ಬೀದಿಯೆಲ್ಲ ತೀರ್ಮಾನ ಮಾಡಿತ್ತು. ಬಂದದ್ದು ಅಕ್ಕನಿಗೆ. ತಂಗಿ ಎಂಟು ವರ್ಷ ಅವಳಿಗೆ ಸೀರೆ ಉಡಿಸಿದಳು, ತಲೆ ಬಾಚಿದಳು, ಬಾಚುವಾಗಲೂ ಬೈದಳು. ಇದನ್ನು ಬರೆಯುತ್ತಿದ್ದಂತೆ ನನ್ನ ಮನಸ್ಸು, 'ನೋಡಿ, ಸಿಡುಕಿನವರಿಗೆ ಬರುವುದಿಲ್ಲ' ಎಂಬ ಹೊಸ ನಿಯಮ ಕಟ್ಟಲು ಹೊರಟಿದೆ. ಅದೂ ಬೇಡ. ಒಂದು ಮನೆಯಿಂದ ನಿಯಮ ಮಾಡುವ ಚಟವೇ ನಾನು ಹೇಳಹೊರಟಿರುವ ರೋಗ.

ಅಗಳಿ ಕಡೆಗೆ ವರ್ಗವಾಗಿ ಬಂದಾಗ ನನಗೆ ಅನುಭವ ಇದೆ ಎಂಬ ಹೆಸರಿತ್ತು. ಆ ಹೆಸರೇ ನನ್ನನ್ನು ಕೆಡಿಸಿತು.

ಅಲ್ಲಿ ಒಂದು ಊರಿನಲ್ಲಿ ಗಂಗಮ್ಮ ಇದ್ದಳು. ರೇಷ್ಮೆ ಹುಳ ಸಾಕುವುದರಲ್ಲಿ ಆ ಸುತ್ತಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಬೆಳೆಯುವಾಗ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಇದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ತಟ್ಟೆ ಮುಟ್ಟಬಾರದು. ರೇಷ್ಮೆ ಮನೆಯ ಮಕ್ಕಳಿಗೂ ಇದು ಗೊತ್ತು. ಒಂದು ಬೆಳಿಗ್ಗೆ ಗಂಗಮ್ಮ ಜ್ವರಕ್ಕೆ ಕೂತ ಹುಳದ ಮೇಲೆ ಸೊಪ್ಪು ಸುರಿದಳು. ಮಗಳು ರತ್ನಮ್ಮ ಓಡಿಬಂದು, 'ಏನವ್ವ ಇದು!' ಎಂದರೆ, 'ಹಸ್ಕಂಡವೆ, ಯಾರೂ ಹಾಕಿಲ್ಲ' ಎಂದಳು. ಕಾಯಿಲೆ ಗೊತ್ತಾದದ್ದು ಹಾಗೆ.

ಮುಂದೆ ಗಂಗಮ್ಮನಿಗೆ ಎಲ್ಲೆಲ್ಲೂ ಹುಳ ಕಾಣತೊಡಗಿದವು. ಚಾಪೆಯ ಮೇಲಿನ ಇಲ್ಲದ ಹುಳವನ್ನು ಬೆರಳಲ್ಲಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆ ತಳ್ಳಿ, 'ಅನ್ನದಾಗೆ ಹುಳ' ಅನ್ನುತ್ತಿದ್ದಳು. ಮೊದಲಿನಿಂದಲೂ ಅವಳದು ಅನುಮಾನದ ಸ್ವಭಾವ, ಚೂಪು ಬಾಯಿ. ಮಗಳದೂ ಅದೇ ಬಾಯಿ. ತವರಿಗೆ ಅಂಟಿಕೊಂಡೇ ಮನೆ ಮಾಡಿದ್ದ ರತ್ನಮ್ಮ ತಾಯಿಯನ್ನು ನೋಡಿಕೊಳ್ಳುತ್ತಾ, ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆ ಮಾಡುತ್ತಿದ್ದಳು.

ನನ್ನ ರಿಜಿಸ್ಟರಿನ ಕೊನೆಯ ಕಾಲಮ್ಮು ಷರಾ. ಅಲ್ಲಿ ನಾನು ಬರೆದದ್ದು ಹೀಗೆ: 'ಗಂಗಮ್ಮ, ಮರೆವು, ಅನುಮಾನ, ಇಲ್ಲದ ಹುಳು ಕಾಣುತ್ತದೆ. ಮಗಳು ರತ್ನಮ್ಮ, ತಾಯಿಯದೇ ಸ್ವಭಾವ. ವಂಶದಲ್ಲಿದೆ.' ತಾಯಿಯ ಬಗ್ಗೆ ಬರೆದದ್ದು ಕಣ್ಣಿಂದ ಕಂಡದ್ದು. ಮಗಳ ಬಗ್ಗೆ ಬರೆದದ್ದು ಗಾದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಗಾದೆಯನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಬರೆದರೆ ಅದು ರೋಗನಿರ್ಣಯವಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆಮೇಲೆ ಟ್ಯಾಬು ಬಂತು. ಟ್ಯಾಬಿನಲ್ಲಿ ಷರಾ ಬರೆಯಲು ಜಾಗವೂ ಇಲ್ಲ. ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ, ಹೌದು, ಇಲ್ಲ. ರತ್ನಮ್ಮನ ಹೆಸರಿನ ಮುಂದೆ ಹೌದು ಒತ್ತಿದೆ. ಅದು ನಿಜವೇ. ಆದರೆ ನಿಜ ಹೇಳಿದರೆ ಸಾಲದು, ಅದನ್ನು ಯಾರು ಯಾತಕ್ಕೆ ಎತ್ತಿಕೊಳ್ಳುತ್ತಾರೆ ಎಂದು ನೋಡಬೇಕು.

ಆ ಮಾತು ಊರಿಗೆ ಹೇಗೆ ತಿಳಿಯಿತು? ಇಷ್ಟು ವರ್ಷ ನಾನು, ಯಾರೋ ರಿಜಿಸ್ಟರ್ ತೆರೆದು ಓದಿದರು ಎಂದುಕೊಂಡಿದ್ದೆ. ಇದು ವಕೀಲನ ಸಾಕ್ಷಿ. ಊರಲ್ಲಿ ಅದನ್ನು ಓದಿದವರು ಯಾರೂ ಇಲ್ಲ. ಶಾಲೆಯ ಜಗುಲಿಯಲ್ಲಿ ಟೀ ಕುಡಿಯುತ್ತಾ ನಾನೇ ಹೇಳಿದೆ. ನಗುತ್ತಾ ಹೇಳಿದೆ. ಹೆಡ್‌ಮಾಸ್ಟರೂ ನಕ್ಕರು.

ಗಂಗಮ್ಮ ತೀರಿಕೊಂಡಳು. ಎರಡು ವರ್ಷದ ಮೇಲೆ, ಒಂದು ಕಾರ್ತಿಕದಲ್ಲಿ, ರತ್ನಮ್ಮ ಶಾಲೆಯಲ್ಲಿ ಬೇಳೆ ಬೇಯಿಸುವುದಿಲ್ಲ ಎಂದು ಹಟ ಹಿಡಿದಳು. ಅದನ್ನು ನನಗೆ ಆಮೇಲೆ ಹೇಳಿದವಳು ಅಡುಗೆಮನೆಯ ಸಹಾಯಕಿ ಸಾಕಮ್ಮ.

'ಹುಳ ಹಿಡ್ದಿರೋ ಬೇಳೆ ಬೇಯ್ಸಲ್ಲ ಸಾರ್' ಎಂದಳಂತೆ ರತ್ನಮ್ಮ, ಸೌಟು ಹಿಡಿದೇ ಆಫೀಸಿಗೆ ನುಗ್ಗಿ. 'ಮೂಟೆ ವಾಪಸ್ ಕಳ್ಸಿ. ಇಲ್ಲಾಂದ್ರೆ ನೀವೇ ಬೇಯ್ಸ್ಕಂಡು ನೀವೇ ತಿನ್ನಿ.'

'ಹುಳಾನಾ?' ಎಂದರಂತೆ ಹೆಡ್‌ಮಾಸ್ಟರು. 'ನಿಮ್ಮವ್ವನಿಗೂ ಅನ್ನದಲ್ಲಿ ಹುಳ ಕಾಣ್ತಿದ್ವಲ್ಲ ರತ್ನಮ್ಮ?'

ಅಲ್ಲಿದ್ದವರೆಲ್ಲ ನಕ್ಕರು. ರತ್ನಮ್ಮ ಕೂಗಾಡಿದಳು. ಕೂಗಾಡಿದ್ದೇ ಸಾಕ್ಷಿಯಾಯಿತು.

ಆ ಹೆಡ್‌ಮಾಸ್ಟರು ಕಳ್ಳರಲ್ಲ. ಕಳ್ಳರಾಗಿದ್ದರೆ ನನ್ನ ಸಿಟ್ಟು ಸುಲಭವಾಗುತ್ತಿತ್ತು. ಒಂದು ಮೂಟೆ ವಾಪಸ್ ಕಳಿಸಲು ಹತ್ತು ಕಾಗದ ಬರೆಯಬೇಕು. ಒಬ್ಬ ಹೆಂಗಸನ್ನು ವಾಪಸ್ ಕಳಿಸಲು ಒಂದು ಕಾಗದ ಸಾಕು. ಆ ಒಂದು ಕಾಗದಕ್ಕಾಗಿ ಅವರು ನಮ್ಮ ಹೊಸ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು, ಒಳ್ಳೆಯ ಹುಡುಗ, ನನಗೆ ಹೇಳಿದರು: 'ಸಿಸ್ಟರ್, ಹೋಗಿ ಒಂದು ಸ್ಕ್ರೀನಿಂಗ್ ಮಾಡ್ಕೊಂಡು ಬನ್ನಿ.'

ಹಿರಿಯರ ಮರೆವು ಪತ್ತೆಗೆಂದು ತರಬೇತಿಯಲ್ಲಿ ಕೊಟ್ಟಿದ್ದ ಪ್ರಶ್ನೆಗಳ ಕಾಗದ ನನ್ನ ಬ್ಯಾಗಿನಲ್ಲಿತ್ತು. ರತ್ನಮ್ಮನಿಗೆ ಇನ್ನೂ ಐವತ್ತಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಸುತ್ತ ಇಬ್ಬರು ಮೇಷ್ಟ್ರು, ಪೋಷಕರ ಸಮಿತಿಯವನೊಬ್ಬ. ಎಲ್ಲರೂ ಹೊರಗೆ ಹೋಗಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಕಾಗದ ತೆಲುಗಿನಲ್ಲಿತ್ತು. ಇದ್ದಂತೆಯೇ ಓದಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು.

'ಇದಿ ಏ ನೆಲ?' ಈಗ ಯಾವ ತಿಂಗಳು?

'ಕಾರ್ತಿಕ.'

ಕಾಗದಕ್ಕೆ ನವೆಂಬರ್ ಬೇಕಿತ್ತು. ತಪ್ಪು ಎಂದು ಗೀಟು ಹಾಕಿದೆ.

'ಇದಿ ಏ ಜಿಲ್ಲಾ?'

'ಅನಂತಪುರ. ಇನ್ಯಾವ್ದು?'

ಮೇಷ್ಟ್ರೊಬ್ಬರು ಕೆಮ್ಮಿದರು. ಜಿಲ್ಲೆ ಒಡೆದು ಮಡಕಶಿರ ಹೊಸ ಜಿಲ್ಲೆಗೆ ಸೇರಿ ಆಗಲೇ ಕೆಲಕಾಲವಾಗಿತ್ತು. ನನ್ನ ಬಾಯಲ್ಲೂ ಇವತ್ತಿಗೂ ಅನಂತಪುರ ಎಂದೇ ಬರುತ್ತದೆ. ಆದರೂ ಗೀಟು ಹಾಕಿದೆ.

ಆಮೇಲೆ ಮೂರು ಪದ. ಗುರ್ರಂ, ಚೆಟ್ಟು, ತಾಳಂ. ಅವಳು ತಿರುಗಿ ಹೇಳಿದಳು. ಐದು ನಿಮಿಷ ಬೇರೆ ಪ್ರಶ್ನೆ ಕೇಳಿ, ಆ ಮೂರು ಪದ ಯಾವುವು ಎಂದೆ.

'ಕುದುರೆ, ಮರ, ಬೀಗ.'

ಮೂರಕ್ಕೆ ಮೂರೂ ಸರಿ. ತೆಲುಗಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಜೋಪಾನ ಮಾಡಿ ಇಟ್ಟಿದ್ದಳು. ಈ ಗಡಿಯಲ್ಲಿ ಹುಟ್ಟಿದ ತಲೆ ಕೆಲಸ ಮಾಡುವುದೇ ಹಾಗೆ, ನನ್ನದೂ ಸೇರಿದಂತೆ. ಕಾಗದದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಅದೇ ಪದ ಹೇಳಬೇಕು ಎಂದಿತ್ತು. ಮೂರು ಗೀಟು.

'ನೂರರಿಂದ ಏಳೇಳು ಕಳೀತಾ ಹೋಗು' ಎಂದೆ.

'ತೊಂಬತ್ಮೂರು' ಎಂದಳು. ಅಲ್ಲಿಗೆ ಎದ್ದು ನಿಂತಳು. 'ಏನಕ್ಕ ಇದು? ನಾನು ಬೇಳೆ ಅಂದ್ರೆ ನೀನು ಲೆಕ್ಕ ಕೇಳ್ತೀಯ? ಮೂಟೆ ಅಲ್ಲೈತೆ. ಬಾ, ಬಂದು ನೋಡು. ಆಮೇಲೆ ನನ್ನ ತಲೆ ನೋಡುವಂತೆ.'

ನಾನು ಬರೆದೆ: 'ಸಹಕರಿಸಲಿಲ್ಲ. ವಿನಾಕಾರಣ ಕೋಪ.' ಅಡಿಯಲ್ಲಿ ಸಹಿ ಹಾಕಿದೆ.

ಅಡುಗೆಮನೆ ಆ ಕೋಣೆಯಿಂದ ಇಪ್ಪತ್ತು ಹೆಜ್ಜೆ. ನನ್ನ ನೆನಪಿನಲ್ಲಿ ಆ ದಿನ ಅದರ ಬಾಗಿಲಿಗೆ ಬೀಗ ಬಿದ್ದಿದೆ. ಕಪ್ಪಗಿನ, ಕೈಯಗಲದ ಬೀಗ, ಕಣ್ಣಿಗೆ ಕಟ್ಟಿದಂತಿದೆ. ನೋಡಬೇಕೆಂದಿದ್ದೆ, ಬೀಗ ಹಾಕಿತ್ತು ಎಂದು ಒಂದಿಬ್ಬರಿಗೆ ಹೇಳಿಯೂ ಇದ್ದೇನೆ. ಅದು ಸುಳ್ಳು. ಹನ್ನೊಂದು ಗಂಟೆಗೆ ಶಾಲೆಯ ಅಡುಗೆಮನೆಗೆ ಯಾರು ಬೀಗ ಹಾಕುತ್ತಾರೆ? ಒಲೆ ಉರಿಯುತ್ತಿತ್ತು, ಅನ್ನದ ಗಂಜಿಯ ವಾಸನೆ ಕೋಣೆಗೆ ಬರುತ್ತಿತ್ತು. ಆ ಬೀಗ ಇದ್ದದ್ದು ರತ್ನಮ್ಮನ ಉತ್ತರದಲ್ಲಿ. ಅವಳ ಸರಿಯುತ್ತರವನ್ನು ಕದ್ದು ನನ್ನ ನೆನಪು ತನ್ನ ಬಾಗಿಲಿಗೆ ಹಾಕಿಕೊಂಡಿದೆ.

ಇನ್ನೂ ಸ್ಪಷ್ಟವಾಗಿ ಬರೆಯುತ್ತೇನೆ. ಒಬ್ಬ ಹೆಂಗಸು ಮೂಟೆಯಲ್ಲಿ ಹುಳ ಇದೆ ಎಂದಳು. ನಾನು ಮೂಟೆ ನೋಡಲಿಲ್ಲ, ಅವಳ ತಲೆ ನೋಡಿದೆ. ಅವಳ ತಾಯಿಯ ಕಾಯಿಲೆ ನನಗೆ ಗೊತ್ತಿತ್ತು, ಅವಳ ಬಾಯಿ ಜೋರು ಎಂದೂ ಗೊತ್ತಿತ್ತು. ಎರಡೂ ಸೇರಿದರೆ ಮೂಟೆ ನೋಡುವ ಅಗತ್ಯವೇ ಇಲ್ಲ ಎನ್ನಿಸಿತು. ಅನುಭವ ಎಂದರೆ ಇದೇ ಆದರೆ ಅದನ್ನು ಒಲೆಗೆ ಹಾಕಬೇಕು.

ರತ್ನಮ್ಮನನ್ನು ಕೆಲಸದಿಂದ ತೆಗೆದರು. ಸಾಕಮ್ಮನನ್ನು ಅವಳ ಜಾಗಕ್ಕೆ ಹಾಕಿದರು.

ಕೆಲವು ವಾರ ಕಳೆದು ಮಕ್ಕಳ ತೂಕ ನೋಡಲು ಅದೇ ಶಾಲೆಗೆ ಹೋದೆ. ಅಡುಗೆಮನೆಯ ಹಿಂದೆ ನೆರಳಲ್ಲಿ ಸಾಕಮ್ಮ ಮೊರ ಇಟ್ಟುಕೊಂಡು ಕೂತಿದ್ದಳು.

'ಏನ್ ಸಾಕಮ್ಮ, ಕಲ್ಲು ಆರಿಸ್ತಿದೀಯ?'

'ಕಲ್ಲೆಲ್ಲಿ ಬಂತಕ್ಕ. ಹುಳ. ಮೂಟೆನೇ ಹಂಗೆ ಬತ್ತದೆ. ದಿನಾ ಎರಡು ಗಂಟೆ ಇದೇ ಕೆಲ್ಸ.'

'ಮೇಷ್ಟ್ರಿಗೆ ಹೇಳಲಿಲ್ವಾ?'

ಸಾಕಮ್ಮ ಮೊರ ಕೊಡವುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 'ಯೋಳಿದ್ರೆ ನೀನು ಬ್ಯಾಗು ತಗಂಡು ಬತ್ತೀಯಲ್ಲ. ನಮ್ಮವ್ವ ಸಾಯೋ ಕಾಲ್ದಲ್ಲಿ ಏನೇನಂದ್ಳು ಅಂತ ನಂಗೂ ಗ್ಯಾಪ್ನಿಲ್ಲಪ್ಪ.'

ಒಳಗೆ ಹೋಗಿ ಮೂಟೆಗೆ ಕೈ ಹಾಕಿದೆ. ಬೇಳೆ ನೂಲು ಹಿಡಿದು ಗಂಟು ಗಂಟಾಗಿ ಕೈಗೆ ಬಂತು. ಗಂಟು ಬಿಡಿಸಿದರೆ ಬಿಳಿಯ ಹುಳ, ಬೆರಳ ಸಂದಿಯಲ್ಲಿ.

ಮಧ್ಯಾಹ್ನವೇ ಡಾಕ್ಟರ ಮುಂದೆ ನಿಂತು, ರತ್ನಮ್ಮನ ಕಾಗದ ತಪ್ಪು, ರದ್ದು ಮಾಡಿ ಎಂದೆ.

'ಸಬ್ಮಿಟ್ ಆಗಿಬಿಟ್ಟಿದೆಯಲ್ಲ ಸಿಸ್ಟರ್. ಎಡಿಟ್ ಬರಲ್ಲ. ಆರು ತಿಂಗಳಾದ ಮೇಲೆ ಮತ್ತೆ ಸ್ಕ್ರೀನ್ ಮಾಡಿ.'

'ಅವಳಿಗೆ ಕಾಯಿಲೆ ಇಲ್ಲ ಸಾರ್.'

'ಇಲ್ಲ ಅಂತ ಹೇಗೆ ಹೇಳ್ತೀರ? ಫ್ಯಾಮಿಲಿ ಹಿಸ್ಟರಿ ಇದೆ. ಸ್ವಭಾವನೂ ತಾಯಿದೇ ಅಂತ ಹಳೇ ರಿಜಿಸ್ಟರಲ್ಲಿ ನೀವೇ ಬರೆದಿದೀರ.'

ನನ್ನ ಮಾತನ್ನೇ ನನ್ನ ಬಾಯಿಗೆ ತುರುಕಿದರು. ಅವರು ಓದಿದವರು. ತಾಯಿಗೆ ಬಂದಿದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು ಎಂಬುದು ಅವರಿಗೆ ಗೊತ್ತು. ಹೆಚ್ಚು ಎಂದರೆ ಬಂದೇಬಿಟ್ಟಿದೆ ಎಂದಲ್ಲ ಎಂಬುದೂ ಗೊತ್ತು. ಸದಾ ಆತಂಕದಲ್ಲಿ ಬದುಕುವವರಿಗೆ ಈ ಕಾಯಿಲೆಯ ಸಾಧ್ಯತೆ ಹೆಚ್ಚಿರಬಹುದು ಎಂದು ಅವರೇ ಒಮ್ಮೆ ಮೀಟಿಂಗಿನಲ್ಲಿ ವಿವರಿಸಿದ್ದರು. ಹಾಗಾದರೆ ಆತಂಕ ಹುಟ್ಟಿಸಿದ ಕಾಗದವನ್ನು ಯಾವ ಕಾಲಮ್ಮಿಗೆ ಸೇರಿಸಬೇಕು? ಸಹಿ ಹಾಕಿದವಳನ್ನು? ಟ್ಯಾಬು ಅದನ್ನು ಕೇಳುವುದಿಲ್ಲ.

ಮರುದಿನ ರತ್ನಮ್ಮನ ಮನೆಗೆ ಹೋದೆ. ಅವಳೂ, ಹೈಸ್ಕೂಲು ಓದುವ ಮಗಳು ಕಾವ್ಯಳೂ ಹುಳದ ಮನೆಯ ಮುಂದೆ ರೇಷ್ಮೆ ಸೊಪ್ಪು ಬಿಡಿಸುತ್ತಿದ್ದರು. ರತ್ನಮ್ಮ ಕೂರು ಎನ್ನಲಿಲ್ಲ.

'ಗುರ್ರಂ, ಚೆಟ್ಟು, ತಾಳಂ' ಎಂದಳು. 'ಸರಿನಾ? ಇನ್ನೊಂದು ತಾಸು ಬಿಟ್ಟು ಕೇಳು, ಆಗ್ಲೂ ಯೋಳ್ತೀನಿ. ದಿನಾ ಎದ್ದೇಟ್ಗೆ ಇದೇ ನನ್ನ ದೇವರ ನಾಮ. ತಿಂಗ್ಳು ನವೆಂಬರ್ ಮುಗೀತು, ಡಿಸೆಂಬರ್. ಜಿಲ್ಲೆ ಹೊಸಾದು.'

'ರತ್ನಮ್ಮ...'

'ತಡಿ. ನನ್ ಗಂಡ ಬೆಂಕಿಪೊಟ್ಟಣ ಎತ್ತಿಡ್ತಾನೆ. ಮೊನ್ನೆ ಕೊಡ ಎಲ್ಲಿಟ್ಟೆ ಅಂತ ಒಂದ್ಗಳಿಗೆ ಮರ್ತೆ. ಎಲ್ರೂ ಮರೀತಾರಲ್ಲ? ಇವಳು,' ಎಂದು ಮಗಳ ಕಡೆ ಗದ್ದ ಎತ್ತಿದಳು, 'ಇವಳು ನನ್ನ ಮುಖ ಹೆಂಗೆ ನೋಡಿದ್ಳು ಗೊತ್ತಾ? ನಾನು ನಮ್ಮವ್ವನ ನೋಡ್ತಿದ್ನಲ್ಲ, ಹಂಗೆ.'

ಕಾವ್ಯ ಸೊಪ್ಪಿನ ಮೇಲೆ ಬಗ್ಗಿದಳು.

ಮೂಟೆ ನೋಡಿದೆ ಎಂದೆ. ನನ್ನದು ತಪ್ಪಾಯ್ತು ಎಂದೆ.

'ನನ್ ಮನೆ ಬಾಗ್ಲಿಗೆ ಬಂದು ತಪ್ಪಾಯ್ತು ಅಂದ್ರೆ ನನಗೇನ್ ಬಂತು? ಯಾವ ಜಾಗದಾಗೆ ಅಂದ್ಯೋ ಆ ಜಾಗದಾಗೆ ಅನ್ನು. ಆ ಬೆಂಚಿನ ಮುಂದೆ. ಅವರೆಲ್ಲ ಇರುವಾಗ.'

ಪೋಷಕರ ಸಮಿತಿ ಸೇರುವ ದಿನ ಹೋದೆವು. ಆರಿಸದ ಬೇಳೆ ಬೇಕು ಎಂದು ಹಿಂದಿನ ದಿನವೇ ಸಾಕಮ್ಮನಿಗೆ ಹೇಳಿಟ್ಟಿದ್ದೆ. ಕೊಡುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಅವಳು ಒಂದು ಮೊರ ಬೇಳೆ ತಂದು ನನ್ನ ಕೈಗಿಟ್ಟಳು. ನಾನು ಎದ್ದು, ರತ್ನಮ್ಮನ ಪರೀಕ್ಷೆಯನ್ನು ತಪ್ಪಾಗಿ ಮಾಡಿದೆ, ಅವಳು ಹೇಳಿದ್ದನ್ನು ನೋಡದೆ ಅವಳನ್ನೇ ರೋಗಿ ಮಾಡಿದೆ ಎಂದೆ.

ಹೆಡ್‌ಮಾಸ್ಟರು ಮೆತ್ತಗೆ ಹೇಳಿದರು: 'ಸಿಸ್ಟರಿಗೆ ರಿಟೈರ್ಮೆಂಟ್ ಹತ್ರ ಬಂತು. ತಾವೇ ಬರೆದು ಸಹಿ ಹಾಕಿದ್ದು ತಮಗೇ ನೆನಪಿಲ್ಲ ಅಂತ ಕಾಣುತ್ತೆ. ವಯಸ್ಸು. ಪಾಪ.'

ನಗು ಬಂತು. ಇಪ್ಪತ್ತು ವರ್ಷ ಮಾತ್ರೆ ಕೊಟ್ಟ, ಹೆರಿಗೆ ಮಾಡಿಸಿದ ಜನರ ನಗು. ಒಂದೇ ಮಾತಿಗೆ ನಾನು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ರತ್ನಮ್ಮ ಅಷ್ಟು ವಾರಗಳಿಂದ ಯಾವ ನೆಲದ ಮೇಲೆ ನಿಂತಿದ್ದಳು ಎಂದು ಆಗ ನನ್ನ ಕಾಲಿಗೆ ಗೊತ್ತಾಯಿತು. ಅಂಥ ಕೋಪ ನನಗೆ ಬದುಕಿನಲ್ಲಿ ಬಂದಿರಲಿಲ್ಲ. ಬ್ಯಾಗಿನಿಂದ ಅದೇ ಕಾಗದ ತೆಗೆದೆ.

'ಎಲ್ಲರೂ ಹೇಳಿ. ಇದಿ ಏ ಜಿಲ್ಲಾ?'

ಅನಂತಪುರ ಎಂದು ಸಮಿತಿಯ ಎಲ್ಲರೂ ಒಟ್ಟಿಗೆ ಹೇಳಿದರು ಎಂದು ನನ್ನ ನೆನಪು. ಇಲ್ಲವಂತೆ. ಹೇಳಿದ್ದು ಇಬ್ಬರೇ, ಉಳಿದವರು ನೆಲ ನೋಡುತ್ತಿದ್ದರು ಎಂದು ಸಾಕಮ್ಮ ಹೇಳುತ್ತಾಳೆ. ಸಾಕಮ್ಮನನ್ನೇ ನಂಬಿ. ಆದರೆ ಆಮೇಲೆ ನಡೆದದ್ದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ. ರತ್ನಮ್ಮ ನನ್ನ ಕೈಯಿಂದ ಮೊರ ಕಿತ್ತುಕೊಂಡು ಮೇಜಿನ ಮೇಲೆ, ಹಾಜರಿ ಪುಸ್ತಕದ ಮೇಲೆ, ಬೇಳೆ ಸುರಿದಳು. ಹುಳ ಹರಿದವು.

'ಕಾಣ್ತಾವಾ ಸಾರ್?' ಎಂದಳು. 'ಇಲ್ಲ ನನಗೊಬ್ಳಿಗೇನಾ?'

ಯಾರೂ ನಗಲಿಲ್ಲ. ಒಬ್ಬ ತಾಯಿ ಎದ್ದು ಬಂದು ಬೆರಳಲ್ಲಿ ಒಂದು ಹುಳ ಎತ್ತಿ, ತನ್ನ ಮಗು ಓದುವ ತರಗತಿಯ ಕಡೆ ನೋಡಿದಳು. ಅಷ್ಟು ಸಾಕಾಯಿತು. ಅದೇ ವಾರ ಮೂಟೆಗಳು ವಾಪಸ್ ಹೋದವು. ಹತ್ತು ಕಾಗದ ಬರೆದೇ ಬರೆದರು.

ರತ್ನಮ್ಮನಿಗೆ ನ್ಯಾಯ ಸಿಕ್ಕಿತೇ ಎಂದು ಕೇಳಿದರೆ, ಅರ್ಧ. ಎರಡು ತಿಂಗಳ ಮೇಲೆ ಕೆಲಸಕ್ಕೆ ಕರೆದರು, ಸಾಕಮ್ಮನ ಸಹಾಯಕಿಯಾಗಿ. ಟ್ಯಾಬಿನಲ್ಲಿ ಅವಳ ಹೆಸರಿನ ಮುಂದೆ ನಾನು ಒತ್ತಿದ್ದೆಲ್ಲ ಹಾಗೇ ಇದೆ. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ನನ್ನ ಜಾಗಕ್ಕೆ ಬಂದ ಹುಡುಗಿಗೆ, ಕನ್ನಡದಲ್ಲಿ ಕೇಳಮ್ಮ, ಒಬ್ಬಳೇ ಇರುವಾಗ ಕೇಳು ಎಂದು ಹೇಳಿ ಬಂದೆ. ಕೇಳಿದಳೋ ಇಲ್ಲವೋ.

ಕೆಲಸ ಬಿಡುವ ಮೊದಲು ಒಂದು ಸಂಜೆ ರತ್ನಮ್ಮನ ಮನೆಗೆ ಹೋದೆ. ಈ ಸಲ ಕೂರು ಎಂದಳು. ಕಾವ್ಯ ಪಕ್ಕದಲ್ಲೇ ಹುಳದ ತಟ್ಟೆ ಒರೆಸುತ್ತಿದ್ದಳು.

'ನಿಜ ಯೋಳಕ್ಕ. ಕಾಗ್ದ ಗೀಗ್ದ ಬ್ಯಾಡ. ನಂಗೆ ಬತ್ತದಾ?'

'ಗೊತ್ತಿಲ್ಲ ರತ್ನಮ್ಮ. ತಾಯಿಗಿದ್ರೆ ಮಕ್ಕಳಿಗೆ ಸ್ವಲ್ಪ ಜಾಸ್ತಿ ಅಂತಾರೆ. ಬರದೇನೂ ಇರಬಹುದು. ನಿನ್ನ ಬಾಯಿ ನೋಡಿ, ಸಿಟ್ಟು ನೋಡಿ ಯಾರೂ ಹೇಳೋಕಾಗಲ್ಲ. ಹೇಳ್ತೀನಿ ಅಂದೋರು ಸುಳ್ಳು ಹೇಳ್ತಾರೆ. ನಾನೂ ಅದೇ ಸುಳ್ಳು ಹೇಳ್ದೆ.'

ರತ್ನಮ್ಮ ಮಗಳು ಒರೆಸುತ್ತಿದ್ದ ತಟ್ಟೆಯ ಕಡೆ ನೋಡಿದಳು.

'ನಮ್ಮವ್ವ ದಿನಾ ಅಂತಿತ್ತು, ಅನ್ನದಾಗೆ ಹುಳ ಅಂತ. ನಾನು ಒಂದಿನಾನೂ ಬಗ್ಗಿ ತಟ್ಟೆ ನೋಡ್ಲಿಲ್ಲ ಕಣಕ್ಕ. ಉಣ್ಣು ಸುಮ್ಕೆ ಅಂತಿದ್ದೆ.' ಕಾವ್ಯಳ ಕಡೆ ತಿರುಗಿದಳು. 'ಲೇ, ಕೇಳಿಸ್ಕ. ಬಂದ್ರೆ ಬರ್ಲಿ. ಆಗ ನಾನು ಹುಳ ಐತೆ ಅಂದ್ರೆ, ಇರಲ್ಲ ಅಂತ ನಿಂಗೆ ಗೊತ್ತಿದ್ರೂ, ಒಂದ್ಸಲ ಎದ್ದು ಬಂದು ನೋಡ್ಬೇಕು.'

ಹುಡುಗಿ ತಟ್ಟೆ ಕೆಳಗಿಟ್ಟಳು. 'ನೋಡ್ತೀನಿ ಕಣವ್ವ. ನೀನು ಬೈಬಾರ್ದು ಅಷ್ಟೇ.'

'ಬೈತೀನಿ' ಎಂದಳು ರತ್ನಮ್ಮ. 'ಬೈಸ್ಕಂಡು ನೋಡು.'